ಒಬ್ಬ ಹೆಗಡೆ, ಮೂರು ಫೋಲ್ಡರ್: ಔಟ್‌ಲುಕ್‌ನಲ್ಲಿ ವಿಳಾಸಗಳನ್ನು ಒಟ್ಟು ಮಾಡುವುದು ಹೇಗೆ?

ಶಿರಸಿಯಿಂದ ವಾನಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಭಾವನದೊಂದು ಪುಟ್ಟ ಹೋಮ್‌ಸ್ಟೇ ಇದೆ. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಪೇಟೆಯಲ್ಲಿ ಕೋಣೆ ಸಿಗುವುದು ಕಷ್ಟ. ಹಾಗಾಗಿ ಜಾತ್ರೆಗೆ ಮೊದಲೇ ಹಳೇ ಅತಿಥಿಗಳಿಗೆಲ್ಲ ಭಾವ ಒಂದು ಮೇಲ್ ಹಾಕಿದ. ಮರುದಿನ ಬೆಂಗಳೂರಿನಿಂದ ಫೋನು: "ಹೆಗಡೇರೇ, ಒಂದೇ ಪತ್ರ ಮೂರು ಸಲ ಬಂದಿದೆ. ಮೂರು ರೂಮು ತಗೋಬೇಕಾ ಹೇಗೆ?"

ಭಾವ ನನಗೆ ಫೋನು ಮಾಡಿದ. "ಎಂತದಾ ಇದು? ಸಂಜೆಗೆ ಬಂದು ಹೋಗು ಮಾರಾಯಾ."

ಹೋಗಿ ನೋಡಿದರೆ ಔಟ್‌ಲುಕ್‌ನಲ್ಲಿ 'ಕಾಂಟ್ಯಾಕ್ಟ್ಸ್' ಎಂಬ ಹೆಸರಿನ ಫೋಲ್ಡರ್ ಮೂರಿದ್ದವು. ಬೆಳಿಗ್ಗೆ ಒಂದರವರಿಗೆ, ಮಧ್ಯಾಹ್ನ ಇನ್ನೊಂದರವರಿಗೆ, ಕರೆಂಟು ಹೋಗಿ ಬಂದ ಮೇಲೆ ಮೂರನೆಯದರವರಿಗೆ ಕಳಿಸಿದ್ದಾನೆ. ಮೂರರಲ್ಲೂ ಹೆಚ್ಚುಕಡಿಮೆ ಅದೇ ಜನ!

ಇದು ಭಾವನ ತಪ್ಪಲ್ಲ. ಔಟ್‌ಲುಕ್‌ಗೆ ಹೊಸ ಮೇಲ್ ಖಾತೆ ಸೇರಿಸಿದಾಗೆಲ್ಲ ಅದರ ಜೊತೆ ಒಂದು ಕಾಂಟ್ಯಾಕ್ಟ್ ಫೋಲ್ಡರ್ ಕೂಡ ಬರುತ್ತದೆ. ಹಳೇ ಲ್ಯಾಪ್‌ಟಾಪ್‌ನ ಪಿಎಸ್‌ಟಿ ಫೈಲ್ (ಔಟ್‌ಲುಕ್ ತನ್ನ ಮೇಲ್, ವಿಳಾಸಗಳನ್ನೆಲ್ಲ ಕಟ್ಟಿಡುವ ಫೈಲ್) ತಂದು ತೆರೆದರೆ ಅದರದ್ದು ಇನ್ನೊಂದು. ಯಾವುದಕ್ಕೆ ಯಾವುದು ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ, ಅಲ್ವಾ?

ಇಲ್ಲಿ ಹೇಳುವುದೆಲ್ಲ ಕಂಪ್ಯೂಟರ್‌ನಲ್ಲಿರುವ ಹಳೇ ಮಾದರಿಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ಗೆ. ಹೊಸ ಔಟ್‌ಲುಕ್‌ನಲ್ಲಿ ಮೆನುಗಳು ಬೇರೆ.

ಮೊದಲು ಬ್ಯಾಕಪ್

ಫೈಲ್ ಮೆನು ಒತ್ತಿ. 'ಓಪನ್ ಆಂಡ್ ಎಕ್ಸ್‌ಪೋರ್ಟ್', ಅದರಲ್ಲಿ 'ಇಂಪೋರ್ಟ್/ಎಕ್ಸ್‌ಪೋರ್ಟ್', ಆಮೇಲೆ 'ಎಕ್ಸ್‌ಪೋರ್ಟ್ ಟು ಎ ಫೈಲ್'. ಇಲ್ಲಿ ಎರಡು ಆಯ್ಕೆ ಕೊಡುತ್ತದೆ: ಸಿಎಸ್‌ವಿ (ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿ) ಮತ್ತು ಪಿಎಸ್‌ಟಿ. ಕಣ್ಣುಮುಚ್ಚಿ ಪಿಎಸ್‌ಟಿ ಆರಿಸಿ. ಒಂದೊಂದು ಫೋಲ್ಡರ್‌ಗೂ ಬೇರೆ ಬೇರೆ ಹೆಸರು ಕೊಟ್ಟು ಮೂರನ್ನೂ ಉಳಿಸಿಡಿ. ಪಾಸ್‌ವರ್ಡ್ ಕೇಳಿದರೆ ಖಾಲಿ ಬಿಟ್ಟು ಓಕೆ ಕೊಡಿ. ಇವತ್ತು ಕೊಟ್ಟ ಪಾಸ್‌ವರ್ಡ್ ಮುಂದಿನ ಜಾತ್ರೆಗೆ ಯಾರಿಗೂ ನೆನಪಿರುವುದಿಲ್ಲ.

ಸಿಎಸ್‌ವಿ ಯಾಕೆ ಬೇಡ? ಭಾವ ಅರ್ಧ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದ. ಕ್ಲಾಸಿಕ್ ಔಟ್‌ಲುಕ್ ಸಿಎಸ್‌ವಿ ಮಾಡುವಾಗ ಸಾಮಾನ್ಯವಾಗಿ ಹಳೇ ಅಕ್ಷರ ಪದ್ಧತಿಯನ್ನೇ ಬಳಸುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ತೆರೆದು ನೋಡಿದರೆ ಹೆಸರಿದ್ದಲ್ಲೆಲ್ಲ ಬರೀ ಪ್ರಶ್ನೆ ಚಿಹ್ನೆ. ಇನ್ನೊಂದು ತಾಪತ್ರಯ ಎಕ್ಸೆಲ್‌ನದು. ಸಿಎಸ್‌ವಿಯನ್ನು ಅದರಲ್ಲಿ ತೆರೆದರೆ ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಅಂತ ತಿಳಿದು ಮುಂದಿನ ಸೊನ್ನೆ ತಿಂದುಹಾಕುತ್ತದೆ. ಶಿರಸಿಯ 08384 ಹೋಗಿ 8384 ಆಗುತ್ತದೆ, ಕಾರವಾರದ 08382 ಕೂಡ ಅಷ್ಟೇ. ಹಾಗೇ ಸೇವ್ ಮಾಡಿದರೆ ಮುಗಿಯಿತು.

ಮಳೆಗಾಲವಾದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕಡೆ ಕರೆಂಟು ಹೇಗೆ ಅಂತ ನಿಮಗೆ ಗೊತ್ತಲ್ಲ.

ಯಾವುದು ಮುಖ್ಯ?

ಮೂರರಲ್ಲಿ ಒಂದನ್ನು ಉಳಿಸಿಕೊಳ್ಳಬೇಕು. ತುಂಬಾ ಹೆಸರಿರುವುದನ್ನೇ ಇಟ್ಟುಕೊಳ್ಳೋಣ ಅನ್ನಿಸುತ್ತದೆ, ಆದರೆ ಅದು ಸರಿಯಾದ ಲೆಕ್ಕ ಅಲ್ಲ. ಫೋನಿಗೂ ಹೋಗಿ ಬರುವ ಫೋಲ್ಡರ್ ಉಳಿಯಬೇಕು. ಕಂಡುಹಿಡಿಯುವುದು ಸುಲಭ. ನಿಮ್ಮ ಫೋನಿನ ಔಟ್‌ಲುಕ್‌ನಲ್ಲಿ 'ಪರೀಕ್ಷೆ' ಅಂತ ಒಂದು ಸುಳ್ಳು ಹೆಸರು ಸೇರಿಸಿ. ಸ್ವಲ್ಪ ಹೊತ್ತು ಬಿಟ್ಟು ಕಂಪ್ಯೂಟರ್‌ನಲ್ಲಿ ಅದು ಯಾವ ಫೋಲ್ಡರ್‌ಗೆ ಬಂತು ನೋಡಿ. ಅದೇ ನಿಮ್ಮ ಮುಖ್ಯ ಫೋಲ್ಡರ್.

ಫೋಲ್ಡರ್ ಹೆಸರಿನ ಪಕ್ಕದಲ್ಲಿ 'ದಿಸ್ ಕಂಪ್ಯೂಟರ್ ಓನ್ಲಿ' ಅಂತ ಇದ್ದರೆ ಅದರ ಆಸೆ ಬಿಡಿ. ಅದು ಐಮ್ಯಾಪ್ ಎಂಬ ಪದ್ಧತಿಯಲ್ಲಿ ಮೇಲ್ ತರಿಸುವ ಖಾತೆಯದ್ದು. ಐಮ್ಯಾಪ್ ಮೇಲ್‌ಗಳನ್ನು ಮಾತ್ರ ಸಾಗಿಸುತ್ತದೆ, ವಿಳಾಸಗಳನ್ನಲ್ಲ. ಆ ಕಂಪ್ಯೂಟರ್ ಕೆಟ್ಟರೆ ಅವೂ ಹೋದವು.

ಹೆಗಡೆ ಯಾರು, ಹೆಗ್ಡೆ ಯಾರು

ಅಸಲಿ ಕೆಲಸ ಇದು. ಅವಸರ ಮಾಡಬೇಡಿ.

ಎರಡು ಕಾರ್ಡ್ (ಒಬ್ಬರ ಹೆಸರು, ವಿಳಾಸ, ನಂಬರ್ ಇರುವ ದಾಖಲೆ) ಒಬ್ಬರದ್ದೇ ಹೌದೋ ಅಲ್ಲವೋ ಅಂತ ಔಟ್‌ಲುಕ್ ನೋಡುವುದು ಹೆಸರು ಅಥವಾ ಮೇಲ್ ವಿಳಾಸ ಒಂದೇ ಇದೆಯಾ ಎಂದು. ಬೇರೆ ಊರಿನಲ್ಲಿ ಇಷ್ಟು ಸಾಕೇನೋ. ನಮ್ಮಲ್ಲಿ ಸಾಲದು. ಗಣಪತಿ ಹೆಗಡೆ ಅನ್ನುವ ಹೆಸರು ಇಲ್ಲಿ ಊರಿಗೊಂದು ಸಿಗುತ್ತದೆ. ಭಾವನ ಪಟ್ಟಿಯಲ್ಲಿ ಇಬ್ಬರಿದ್ದರು. ಒಬ್ಬರು ಹುಲೇಕಲ್ ಕಡೆಯವರು, ಜೇನುತುಪ್ಪ ಕೊಡುವವರು. ಇನ್ನೊಬ್ಬರು ಸೋಂದಾ ಕಡೆಯವರು, ಮುಂಬೈಯಲ್ಲಿ ಇರುವುದು. ಔಟ್‌ಲುಕ್ ಕಣ್ಣಿಗೆ ಇಬ್ಬರೂ ಒಂದೇ. ಸೇರಿಸಿಬಿಟ್ಟರೆ ಜೇನಿನ ಲೆಕ್ಕ ಮುಂಬೈಗೆ ಹೋಗುತ್ತದೆ.

ಇದಕ್ಕೆ ತಿರುಗುಮುರುಗು ಕೂಡ ಇದೆ. ಒಬ್ಬರೇ ಮನುಷ್ಯ ಒಂದು ಫೋಲ್ಡರ್‌ನಲ್ಲಿ 'ಹೆಗಡೆ', ಇನ್ನೊಂದರಲ್ಲಿ 'ಹೆಗ್ಡೆ', ಮೂರನೆಯದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ಮೇಲ್ ವಿಳಾಸವೂ ಬೇರೆ ಆದರೆ ಔಟ್‌ಲುಕ್‌ಗೆ ಅವರು ಮೂರು ಜನ. ಅಂಕೋಲೆ ಕಡೆಯವರಿಗೆ ನಾಯಕ, ನಾಯ್ಕ ಅಂತ ಇದೇ ಗೋಳು.

ಹಾಗಾಗಿ ಸೇರಿಸುವ ಮೊದಲು ಹೆಸರು ಸರಿಮಾಡಿ. ವಿಳಾಸಗಳಿರುವ ಪೀಪಲ್ ಭಾಗಕ್ಕೆ ಹೋಗಲು ಕಂಟ್ರೋಲ್ ಮತ್ತು 3 ಒತ್ತಿ. ವ್ಯೂ ಮೆನುವಿನ 'ಚೇಂಜ್ ವ್ಯೂ'ದಲ್ಲಿ 'ಫೋನ್' ಆರಿಸಿದರೆ ಎಲ್ಲ ಹೆಸರೂ ಸಾಲಾಗಿ ಬರುತ್ತವೆ. 'ಫುಲ್ ನೇಮ್' ಮೇಲೆ ಕ್ಲಿಕ್ ಮಾಡಿ, ಒಂದೇ ಹೆಸರಿನವರು ಒಟ್ಟಿಗೆ ನಿಲ್ಲುತ್ತಾರೆ. ಬೇರೆ ಬೇರೆ ಜನ ಆದರೆ ಹೆಸರಿನ ಮುಂದೆ ಊರು ಸೇರಿಸಿ: 'ಹುಲೇಕಲ್ ಗಣಪತಿ ಹೆಗಡೆ'. ನಾವು ಬಾಯಲ್ಲಿ ಹೇಳುವುದೂ ಹಾಗೇ ತಾನೆ. ಒಬ್ಬರೇ ಆದರೆ ಮೂರೂ ಕಡೆ ಒಂದೇ ತರಹ ಬರೆಯಿರಿ.

ಮಗನ ಮೇಲ್ ವಿಳಾಸವನ್ನೇ ಅಪ್ಪನೂ ಕೊಟ್ಟಿರುತ್ತಾರೆ, ಅದನ್ನೂ ಗಮನಿಸಿ. ವಿಳಾಸ ಒಂದೇ ಅಂತ ಔಟ್‌ಲುಕ್ ಅಪ್ಪ ಮಗ ಇಬ್ಬರನ್ನೂ ಒಂದೇ ಕಾರ್ಡಿಗೆ ತುಂಬಲು ಹೊರಡುತ್ತದೆ.

ಭಾವ ಪಕ್ಕದಲ್ಲಿ ಕೂತು "ಇವರು ಬೇರೆ, ಇವರು ಅವರೇ" ಅನ್ನುತ್ತಾ ಹೋದ. ಎರಡು ಕವಳ ಮುಗಿಯುವಷ್ಟು ಹೊತ್ತು ಹಿಡಿಯಿತು.

ಈಗ ಸೇರಿಸಿ

ಫೈಲ್, ಆಪ್ಷನ್ಸ್, ಪೀಪಲ್ ಒತ್ತಿ 'ಚೆಕ್ ಫಾರ್ ಡೂಪ್ಲಿಕೇಟ್ಸ್' ಎಂದು ಶುರುವಾಗುವ ಸಾಲಿಗೆ ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿ.

ಬೇಡದ ಫೋಲ್ಡರ್ ತೆರೆದು ಮೊದಲು ಒಂದು ಹತ್ತು ಹೆಸರನ್ನಷ್ಟೇ ಆರಿಸಿ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿದರೆ ಎಲ್ಲಿಗೆ ಸಾಗಿಸಬೇಕು ಅಂತ ಕೇಳುತ್ತದೆ. ಮುಖ್ಯ ಫೋಲ್ಡರ್ ತೋರಿಸಿ. ಅದೇ ಹೆಸರು ಅಲ್ಲಿ ಮೊದಲೇ ಇದ್ದರೆ ಒಂದು ಕಿಟಕಿ ಏಳುತ್ತದೆ: ಹೊಸ ಕಾರ್ಡ್ ಮಾಡಲಾ, ಇದ್ದದ್ದಕ್ಕೇ ಸೇರಿಸಲಾ? ಸೇರಿಸುವುದಾದರೆ 'ಅಪ್‌ಡೇಟ್'. 'ಅಪ್‌ಡೇಟ್ ಆಲ್' ಅಂತಲೂ ಇದೆ. ಮೊದಲ ಹತ್ತಕ್ಕೆ ಅದನ್ನು ಮುಟ್ಟಬೇಡಿ. ಒಂದೊಂದೇ ಮಾಡಿ, ಫೋನ್ ನಂಬರ್ ಸರಿಯಾಗಿ ಕೂತಿದೆಯಾ ನೋಡಿ. ಧೈರ್ಯ ಬಂದ ಮೇಲೆ ಉಳಿದವನ್ನೆಲ್ಲ ಕಂಟ್ರೋಲ್ ಮತ್ತು ಎ ಒತ್ತಿ ಆರಿಸಿ, ಆಗ 'ಅಪ್‌ಡೇಟ್ ಆಲ್' ಕೊಡಿ.

ಕಿಟಕಿ ಏಳಲೇ ಇಲ್ಲ, ಎರಡೂ ಕಾರ್ಡ್ ಸುಮ್ನೆ ಅಕ್ಕಪಕ್ಕ ಕೂತವು ಅಂದರೆ ಮತ್ತೆ ಆ 'ಫೋನ್' ನೋಟಕ್ಕೆ ಹೋಗಿ ಕೈಯಲ್ಲೇ ಒಂದನ್ನು ತೆಗೆಯಿರಿ. 'ಡಿಲೀಟೆಡ್ ಐಟಮ್ಸ್' ಫೋಲ್ಡರನ್ನು ಕೆಲವು ದಿನ ಖಾಲಿ ಮಾಡಬೇಡಿ. ಏನಾದರೂ ಎಡವಟ್ಟಾದರೆ ಹಳೇ ಕಾರ್ಡ್ ಅಲ್ಲಿ ಸಿಗುತ್ತದೆ.

ಖಾಲಿಯಾದ ಫೋಲ್ಡರ್

ನೀವಾಗಿ ಮಾಡಿಕೊಂಡ ಫೋಲ್ಡರ್ ಆದರೆ ರೈಟ್ ಕ್ಲಿಕ್ ಮಾಡಿ ಅಳಿಸಿ. ಖಾತೆಯ ಜೊತೆಗೇ ಬಂದಿದ್ದಾದರೆ ಅಳಿಸಲು ಬಿಡುವುದಿಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ 'ಔಟ್‌ಲುಕ್ ಅಡ್ರೆಸ್ ಬುಕ್' ಎಂಬ ಭಾಗ ಇದೆ. ಅಲ್ಲಿನ ಟಿಕ್ ತೆಗೆದರೆ ವಿಳಾಸ ಹುಡುಕುವಾಗ ಆ ಖಾಲಿ ಫೋಲ್ಡರ್ ಎದುರು ಬರುವುದಿಲ್ಲ. ಹಳೇ ಪಿಎಸ್‌ಟಿ ಫೈಲನ್ನು ಅಳಿಸುವುದು ಬೇಡ, ರೈಟ್ ಕ್ಲಿಕ್ ಮಾಡಿ 'ಕ್ಲೋಸ್' ಕೊಟ್ಟರೆ ಸಾಕು.

ಗುಂಪು ಮಾಡಿಟ್ಟಿದ್ದರೆ ಅವನ್ನೂ ಒಮ್ಮೆ ತೆರೆಯಿರಿ. ಭಾವನ 'ಜಾತ್ರೆ' ಗುಂಪಿನಲ್ಲಿ ಒಬ್ಬರೇ ಎರಡೆರಡು ವಿಳಾಸದಲ್ಲಿ ಕೂತಿದ್ದರು.

ಇಷ್ಟೆಲ್ಲ ಆದ ಮೇಲೂ ಮೇಲ್ ಬರೆಯಲು ಕೂತು 'ಗಣ' ಅಂತ ಹೊಡೆದರೆ ಹಳೇ ವಿಳಾಸವೇ ಕೆಳಗೆ ಇಳಿಯುತ್ತದೆ. ಭಾವ ಗಾಬರಿಯಾಗಿ, ಎಲ್ಲ ಕೆಲಸ ನೀರಿಗೆ ಹೋಯಿತು ಅಂದ. ಹಾಗೇನಿಲ್ಲ. ಔಟ್‌ಲುಕ್ ನೀವು ಹಿಂದೆ ಬರೆದ ವಿಳಾಸಗಳನ್ನು ಬೇರೆ ಕಡೆ ನೆನಪಿಟ್ಟುಕೊಳ್ಳುತ್ತದೆ, ಫೋಲ್ಡರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆ ಹೆಸರಿನ ಪಕ್ಕದಲ್ಲಿರುವ ಗುಣಾಕಾರ ಚಿಹ್ನೆ ಒತ್ತಿದರೆ ಹೋಗುತ್ತದೆ. ಎಂಟು ಹತ್ತು ಸಲ ಒತ್ತಿದ ಮೇಲೆ ಹುಲೇಕಲ್‌ನವರು ಒಬ್ಬರು, ಸೋಂದಾದವರು ಒಬ್ಬರು, ಅಷ್ಟೇ ಉಳಿದರು.