ನಿಮ್ಮ ಬೀದಿಯಲ್ಲಿ ನಡೆಯಬಹುದಾ? ಕೈ ಚಾಚಿ ಅಳೆಯಿರಿ

ಕುಂದವಾಡ ಕೆರೆಗೆ ಬೈಕಿನಲ್ಲಿ ಹೋಗಿ, ವಾಕಿಂಗ್ ಮುಗಿಸಿ, ಬೈಕಿನಲ್ಲೇ ಮನೆಗೆ ಬಂದು, ಆಮೇಲೆ ಹಾಲಿಗೂ ಬೈಕ್ ತೆಗೆಯುವವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ. ಸೋಮಾರಿಗಳು ಅಂತ ಸುಮ್ನೆ ಬೈಯಬೇಡಿ. 2016ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 10 ದೇಶಗಳ 14 ನಗರಗಳ ವಯಸ್ಕರ ಸೊಂಟಕ್ಕೆ ಚಲನೆ ಅಳೆಯುವ ಸಾಧನ ಕಟ್ಟಿದ್ದರು. ನಡೆಯಲು ತೀರಾ ಅನುಕೂಲವಿದ್ದ ಬಡಾವಣೆಯವರಿಗೂ ಅನುಕೂಲವೇ ಇಲ್ಲದವರಿಗೂ ಮೈ ಆಡಿಸುವುದರಲ್ಲಿ ವಾರಕ್ಕೆ 68ರಿಂದ 89 ನಿಮಿಷ ವ್ಯತ್ಯಾಸ! ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಿ ಅನ್ನುತ್ತದೆ. ಅದರ ಅರ್ಧದಷ್ಟಾಯಿತು, ಅಲ್ವಾ?

ನಿಮ್ಮ ಬೀದಿಯನ್ನು ನೀವೇ ಪರೀಕ್ಷಿಸಬಹುದು.

1. ಹತ್ತು ನಿಮಿಷದ ನಡಿಗೆಯೊಳಗೆ ಕಿರಾಣಿ ಅಂಗಡಿ, ಮೆಡಿಕಲ್, ಬಸ್ ಸ್ಟಾಪ್, ಪಾರ್ಕ್ ಇವೆಯಾ ಬರೆದುಕೊಳ್ಳಿ.

2. ಅಡ್ಡರಸ್ತೆ ಎಣಿಸಿ. ಜಾಸ್ತಿ ಇದ್ದಷ್ಟೂ ಸುತ್ತು ಬಳಸುವುದು ಕಡಿಮೆ.

3. ಫುಟ್‌ಪಾತ್ ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಟೇಪನ್ನು ಕಾಂಪೌಂಡಿನಿಂದ ಅಂಚುಗಲ್ಲಿಗೆ ಎಳೆದು ‘ಎಂಟು ಅಡಿ ಇದೆ’ ಅಂದುಬಿಡುತ್ತಾರೆ. ಅದು ಕಲ್ಲಿನ ಅಗಲ, ಕಾಲಿಗೆ ಸಿಗುವ ಜಾಗವಲ್ಲ. ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್, ಮಿರ್ಚಿ ಗಾಡಿ, ಕಾರು ಹತ್ತಿಸಲು ಮಾಡಿಕೊಂಡ ಇಳಿಜಾರು ಎಲ್ಲ ಕಳೆಯಿರಿ. ತೀರಾ ಇಕ್ಕಟ್ಟಾದ ಕಡೆ ಉಳಿದದ್ದೇ ನಿಮ್ಮ ಫುಟ್‌ಪಾತ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಬೇಕು. ಅಂದರೆ ಸುಮಾರು ಒಂದು ಮಾರು. ಎರಡೂ ಕೈ ಚಾಚಿ ನಡೆಯಿರಿ, ಏನಾದರೂ ತಗುಲಿದರೆ ಆ ಜಾಗ ಫೇಲು. ಅಂಚುಗಲ್ಲಿನ ಎತ್ತರ 15 ಸೆಂ.ಮೀ. ದಾಟಬಾರದು, ಹೆಚ್ಚುಕಡಿಮೆ ಒಂದು ಚೋಟು. ಚರಂಡಿ ಚಪ್ಪಡಿ ಮೇಲೆ ಕಾಲಿಟ್ಟು ಒತ್ತಿ ನೋಡಿ. ಅಲ್ಲಾಡಿದರೆ ಅದನ್ನೂ ಬರೆಯಿರಿ.

ಭಾನುವಾರ ಬೆಳಿಗ್ಗೆ ಮಾತ್ರ ಅಳೆಯಬೇಡಿ, ಆಗ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಏಳಕ್ಕೆ ಹೋಗಿ.

4. ಕೊನೆಗೆ ಮನೆಯ ಹಿರಿಯರೊಬ್ಬರ ಜೊತೆ ಅದೇ ದಾರಿ ನಡೆಯಿರಿ. ಫುಟ್‌ಪಾತ್ ಬಿಟ್ಟು ರಸ್ತೆಗೆ ಎಷ್ಟು ಸಲ ಇಳಿಯುತ್ತಾರೆ, ಎಣಿಸಿ. ನಮ್ಮಮ್ಮ ಮೆಡಿಕಲ್‌ವರೆಗೆ 11 ಸಲ ಇಳಿದರು. ವಾಪಸ್ ಬರುವಾಗ ‘ಆಟೋ ಕರೆಯಪ್ಪ’ ಅಂದರು. ಮನೆ ಅಲ್ಲೇ ಕಾಣುತ್ತಿತ್ತು.