ಕೊನೆಯ ಫಾರಂಗೆ ಸೀಲು: ಮೊದಲ ಸಸ್ಪೆನ್ಸ್ ಕಾದಂಬರಿ ಮಾರಿದ ಲೆಕ್ಕ

ಕೊನೆಯ ಹದಿನಾರು ಪುಟಕ್ಕೆ ಸೀಲು ಹಾಕಿ ಕಾದಂಬರಿ ಮಾರುತ್ತೇನೆ, ಸೀಲು ಒಡೆಯದೆ ತಿಂಗಳೊಳಗೆ ವಾಪಸು ತಂದವರಿಗೆ ಪೂರ್ತಿ ದುಡ್ಡು ಕೊಡುತ್ತೇನೆ ಅಂದಾಗ ಮುದ್ರಕರಿಂದ ಹಿಡಿದು ಅಂಗಡಿಯವರ ತನಕ ಎಲ್ಲರೂ ಹೇಳಿದ್ದು ಒಂದೇ: "ಇದೆಲ್ಲ ಕನ್ನಡದಲ್ಲಿ ನಡೆಯಲ್ಲ ಸಾರ್, ಅರ್ಧಕ್ಕರ್ಧ ವಾಪಸು ಬರುತ್ತೆ." 500 ಪ್ರತಿ ಅಚ್ಚು ಹಾಕಿಸಿ 400 ಮಾರಿದ್ದರಲ್ಲಿ ವಾಪಸು ಬಂದದ್ದು ನಾಲ್ಕು. ಅದರಲ್ಲೂ ಒಂದಕ್ಕೆ ಸೀಲು ಬಿಚ್ಚಿ ಮತ್ತೆ ಅಂಟಿಸಿದ ಗುರುತಿತ್ತು. ಆ ಶ್ರಮಕ್ಕೆ ಮೆಚ್ಚಿ ದುಡ್ಡು ಕೊಟ್ಟೆ. ಉಪಾಯ ಹೊಸದಲ್ಲ, ಹೊರದೇಶಗಳಲ್ಲಿ ಹೆಚ್ಚುಕಡಿಮೆ ನೂರು ವರ್ಷದ ಹಿಂದೆಯೇ ಮಾಡಿದ್ದಾರೆ. ಅದನ್ನು ನಮ್ಮ ಕಾಗದಕ್ಕೆ, ನಮ್ಮ ಬೈಂಡಿಂಗಿಗೆ, ನಮ್ಮ ಬಿಡುಗಡೆ ಸಮಾರಂಭಗಳಿಗೆ ಒಗ್ಗಿಸುವುದರಲ್ಲೇ ಕಷ್ಟವೆಲ್ಲ ಇರುವುದು.

ಮೊದಲು ಪುಟದ ಲೆಕ್ಕ. ಪುಸ್ತಕದ ಅಳತೆ 1/8 ಡೆಮಿ, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ, ಒಂದು ಫಾರಂಗೆ, ಅಂದರೆ ಅಚ್ಚು ಮಾಡಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಮೊದಲ ಕರಡು 240 ಪುಟ ಆಗುತ್ತಿತ್ತು, ಇಳಿಸಿ 208ಕ್ಕೆ ತಂದೆ. ಅಂದರೆ 13 ಫಾರಂ, ಸೀಲು ಬೀಳುವುದು 13ನೆಯದಕ್ಕೆ, 193ರಿಂದ 208. ಇಳಿಸಿದ್ದಕ್ಕೆ ಎರಡು ಕಾರಣ. ಒಂದು, ಎರಡು ಫಾರಂನ ಕಾಗದ, ಪ್ಲೇಟು, ಓಡಿಸುವ ಕೂಲಿ ಉಳಿಯಿತು. ಇನ್ನೊಂದು ಅಂಚೆ. 2025ರ ಮೇ 1ರಿಂದ ಬಂದ, ಪುಸ್ತಕಗಳಿಗೆಂದೇ ಇರುವ ಅಂಚೆ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂ ತನಕ 20 ರೂಪಾಯಿ, ತೆರಿಗೆ ಬೇರೆ. 208 ಪುಟದ ಪುಸ್ತಕ 300 ಜಿಎಸ್‌ಎಂ ಮುಖಪುಟ ಸೇರಿ ಸುಮಾರು 240 ಗ್ರಾಂ ತೂಗುತ್ತದೆ, ಕವರು ಹಾಕಿದರೂ 270 ದಾಟುವುದಿಲ್ಲ. 240 ಪುಟ ಆಗಿದ್ದರೆ ಪುಸ್ತಕವೇ 270, ಕವರು ಹಾಕಿದ ಮೇಲೆ ತಕ್ಕಡಿ 300ರ ಆಚೆ ಈಚೆ ಆಡುತ್ತದೆ. ಕೌಂಟರಿನಲ್ಲಿ ಆ ಎರಡು ಗ್ರಾಂ ಜಗಳ ಯಾರಿಗೂ ಬೇಡ.

ಫಾರಂಗೆ ಸೀಲು ಅಂದಮೇಲೆ ಕಥೆ ಉಸಿರು ಬಿಗಿಹಿಡಿದು ನಿಲ್ಲಬೇಕಾದದ್ದು 192ನೇ ಪುಟದ ಕೊನೆಯ ಸಾಲಿನಲ್ಲೇ. 190ರಲ್ಲೂ ಅಲ್ಲ, 194ರಲ್ಲೂ ಅಲ್ಲ. ಬರೆಯುವುದಕ್ಕಿಂತ ಪುಟ ಕಟ್ಟುವಾಗ ಹೆಚ್ಚು ಪೆಟ್ಟು ತಿಂದದ್ದು ಇಲ್ಲಿ. 140ನೇ ಪುಟದಲ್ಲಿ ಒಂದು ಸಾಲು ಸೇರಿಸಿದರೆ 192 ಹಾರಿಹೋಗುತ್ತದೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದ ಅಧ್ಯಾಯಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಕೆಟ್ಟದ್ದು ಹೇಗೂ ತಿದ್ದಬಹುದು. ಆದರೆ ಫಾಂಟ್ ಬದಲಾದ ಕೂಡಲೇ ಒಟ್ಟು ಆರು ಪುಟ ಉದ್ದವಾಯಿತು. ಪರಿಹಾರ ಸರಳ: ಪ್ರತಿ ಅಧ್ಯಾಯವೂ ಹೊಸ ಪುಟದಲ್ಲಿ ಶುರು, ಪ್ರತಿ ಅಧ್ಯಾಯದ ಕೊನೆಯಲ್ಲಿ ಕನಿಷ್ಠ ಐದು ಸಾಲಿನ ಖಾಲಿ ಜಾಗ. ಉಕ್ಕಿದ್ದು ಆ ಖಾಲಿಯಲ್ಲೇ ಇಂಗುತ್ತದೆ, ಮುಂದಿನ ಅಧ್ಯಾಯ ಅಲ್ಲಾಡುವುದಿಲ್ಲ. ಕೊನೆಯ ಅಧ್ಯಾಯಕ್ಕೆ ಮಾತ್ರ ಈ ಸವಲತ್ತಿಲ್ಲ, ಅದನ್ನು ಪುಟ ನೋಡಿಕೊಂಡೇ ಬರೆಯಬೇಕು.

193 ಮತ್ತು 208, ಈ ಎರಡು ಪುಟದಲ್ಲಿ ಪಠ್ಯ ಇಡಬಾರದು. ಅಂಟು ಬೀಳುವುದು ಅಲ್ಲೇ, ಬಿಚ್ಚುವಾಗ ಅಕ್ಷರ ಕಿತ್ತು ಬರುತ್ತದೆ. 193ರಲ್ಲಿ ವಾಪಸಾತಿಯ ಷರತ್ತು ಮೂರು ಸಾಲು, 208 ಖಾಲಿ. ಉಳಿದದ್ದು 14 ಪುಟ, ಪುಟಕ್ಕೆ 210 ಪದದ ಲೆಕ್ಕದಲ್ಲಿ ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. ಕೊಲೆಗಾರ ಯಾರು, ಹೇಗೆ, ಏಕೆ ಅನ್ನುವುದೆಲ್ಲ ಅಷ್ಟರೊಳಗೆ ಮುಗಿಯಬೇಕು. ನನ್ನ ಮೊದಲ ಕರಡಿನಲ್ಲಿ ಇನ್‌ಸ್ಪೆಕ್ಟರ್ ವಿವರಣೆಯೊಂದೇ ಐದು ಸಾವಿರ ಪದ ಇತ್ತು. ಅದರಲ್ಲಿ ಅರ್ಧ, ಓದುಗ ಮೊದಲೇ ಊಹಿಸಿದ್ದನ್ನು ಮತ್ತೆ ಹೇಳುವುದಾಗಿತ್ತು.

ಈಗ ಅಂಟು. ಸೀಲು ಅಂದರೆ ಕೊನೆಯ ಫಾರಂನ ತೆರೆದ ಅಂಚಿಗೆ ಅಂಟಿಸುವ ಕಾಗದದ ಪಟ್ಟಿ. ಮೊದಲು 100 ಪ್ರತಿ ಡಿಜಿಟಲ್‌ನಲ್ಲಿ ಮಾಡಿಸಿ ಪ್ರಯೋಗ ಮಾಡಿದೆ, ಒಂದಕ್ಕೆ 125 ರೂಪಾಯಿಯಂತೆ. ಫೆವಿಕಾಲ್ ಹಾಕಿದ ಮೂವತ್ತರಲ್ಲಿ ನೀರಿನಂಶಕ್ಕೆ ಕಾಗದ ಅಲೆಅಲೆಯಾಗಿ ಎದ್ದಿತು. ಗ್ಲೂ ಸ್ಟಿಕ್ ವಾರಕ್ಕೇ ಬಿಟ್ಟಿತು. ಮೈದಾ ಗೋಂದು ಅಚ್ಚುಕಟ್ಟಾಗಿ ಕೂತಿತು, ಆದರೆ ಎರಡು ವಾರ ಅಟ್ಟದಲ್ಲಿಟ್ಟದ್ದೇ ಜಿರಲೆ ಪಟ್ಟಿಯ ಅಂಚನ್ನೆಲ್ಲ ತಿಂದಿತು. ಸೆಲೋಟೇಪಿನ ಮಾತೇ ಬೇಡ, ಹಳದಿಯಾಗುತ್ತದೆ, ಎಳೆದರೆ ಪುಟದ ಪದರವೇ ಬರುತ್ತದೆ. ಕೊನೆಗೆ ನಿಂತದ್ದು ಅರ್ಧ ಇಂಚಿನ ಡಬಲ್ ಸೈಡ್ ಟೇಪು. ಪುಸ್ತಕಕ್ಕೆ ಎರಡು ಪಟ್ಟಿ, ಪಟ್ಟಿಯ ಎರಡೂ ಬದಿಗೆ ಒಂದೂವರೆ ಇಂಚಿನಂತೆ ಒಟ್ಟು ಆರು ಇಂಚು ಟೇಪು. 500 ಪ್ರತಿಗೆ 250 ಅಡಿ.

ಪಟ್ಟಿ ಅಂದರೆ ಕಂದು ಕ್ರಾಫ್ಟ್ ಕಾಗದ, ಒಂದೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ. ಅದು ಎಂಟು ಹಾಳೆಗಳ ತೆರೆದ ಅಂಚನ್ನು ಸುತ್ತಿ ಈಚೆ 193ಕ್ಕೆ, ಆಚೆ 208ಕ್ಕೆ ಅಂಟುತ್ತದೆ. ಒಂದು ಪಟ್ಟಿ ಮೇಲಿನಿಂದ ಎರಡಿಂಚು ಕೆಳಗೆ, ಇನ್ನೊಂದು ಕೆಳಗಿನಿಂದ ಎರಡಿಂಚು ಮೇಲೆ. ನಡುವೆ ಒಂದೇ ಪಟ್ಟಿ ಹಾಕಿದರೆ ಮೂಲೆ ಮಡಚಿ ಅರ್ಧ ಪುಟ ಓದುತ್ತಾರೆ. ಎರಡು ಹಾಕಿದರೂ ಮೇಲಿನಿಂದ ಕೊಳವೆಯೊಳಗೆ ಇಣುಕಿದಂತೆ ಇಣುಕುವವರಿದ್ದಾರೆ. ಅದಕ್ಕೆ ಕೊಲೆಗಾರನ ಹೆಸರು ಬರುವ ಸಾಲನ್ನು ಪುಟದಲ್ಲಿ ಎಲ್ಲಿ ಕೂರಿಸಿದೆ ಅನ್ನುವುದನ್ನು ಹೇಳುವುದಿಲ್ಲ, ಎರಡನೇ ಪುಸ್ತಕಕ್ಕೂ ಅದೇ ಬೇಕು.

ಬಿಚ್ಚುವುದು ಇನ್ನೊಂದು ತಲೆನೋವು. ಪ್ರಯೋಗದ ಪ್ರತಿ ಓದಿದವರಲ್ಲಿ ಹೆಚ್ಚಿನವರು ಬೆರಳು ತೂರಿಸಿ ಎಳೆದು ಪುಟ ಹರಿದುಕೊಂಡರು. ಅಂಚೆಚೀಟಿಯಂತೆ ತೂತಿನ ಸಾಲು ಬೇಕಿತ್ತು. ಪ್ರೆಸ್ಸಿನಲ್ಲಿ ಪರ್ಫೊರೇಶನ್‌ಗೆ ಬೇರೆ ಡೈ, ಬೇರೆ ಚಾರ್ಜು. ಅದರ ಬದಲು ಹೊಲಿಗೆ ಮಷಿನ್ನಿಗೆ 16ನೇ ನಂಬರಿನ ಸೂಜಿ ಹಾಕಿ, ದಾರ ಪೋಣಿಸದೆ, ಹೊಲಿಗೆಯ ಉದ್ದ ಹೆಚ್ಚಿಟ್ಟು ಕ್ರಾಫ್ಟ್ ಕಾಗದವನ್ನು ಉದ್ದಕ್ಕೆ ಓಡಿಸಿದೆ. ಹೊಲಿಗೆ ಚಿಕ್ಕದಾದರೆ ಅಂಟಿಸುವಾಗಲೇ ಪಟ್ಟಿ ಹರಿಯುತ್ತದೆ. ನಾಲ್ಕಿಂಚು ಅಗಲದ ಉದ್ದ ರಿಬ್ಬನ್ನಿನಂತೆ ಕತ್ತರಿಸಿಕೊಂಡು, ನಟ್ಟನಡುವೆ ತೂತಿನ ಸಾಲು ಹೊಡೆದು, ಆಮೇಲೆ ಒಂದೂವರೆ ಇಂಚಿನ ತುಂಡು ಮಾಡುವುದು. ತೂತಿನ ಸಾಲು ಸರಿಯಾಗಿ ಪುಸ್ತಕದ ಅಂಚಿನ ಮೇಲೆ ಕೂರಬೇಕು. ಉಗುರು ಹಾಕಿ ಎಳೆದರೆ 'ಟರ್' ಅಂತ ಬಿಚ್ಚಿಕೊಳ್ಳುತ್ತದೆ. ಆ ಸದ್ದಿನ ವಿಷಯ ಮುಂದೆ ಬರುತ್ತದೆ.

ಬೈಂಡಿಂಗಿನವರು ಅಂಟಿಸಿ ಕೊಡಲು ಪುಸ್ತಕಕ್ಕೆ ಆರು ರೂಪಾಯಿ ಕೇಳಿದರು. ಕೈಯಲ್ಲಿ ಮಾಡಿದರೆ ಸಾಮಾನು ಸೇರಿ ಎರಡು ರೂಪಾಯಿ, ಪ್ರತಿಗೆ ಒಂದೂವರೆ ನಿಮಿಷ. ನಾಲ್ವರು ಕೂತರೆ 500 ಪ್ರತಿ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಪುಸ್ತಕದ ಅಂಚು ಕಟಿಂಗ್ ಆದ ಮೇಲೇ ಅಂಟಿಸಬೇಕು, ಇದನ್ನು ಬಾಯಿಬಿಟ್ಟು ಹೇಳಿಡಿ. ಇನ್ನೊಂದು: ಪಟ್ಟಿಯಿಂದ ತೆರೆದ ಅಂಚು ಕೂದಲೆಳೆ ದಪ್ಪವಾಗುತ್ತದೆ. ಇಪ್ಪತ್ತು ಪ್ರತಿಯ ಕಟ್ಟನ್ನು ಒಂದೇ ಮುಖ ಮಾಡಿ ಜೋಡಿಸಿದರೆ ವಾಲುತ್ತದೆ, ಐದೈದನ್ನು ತಿರುಗಿಸಿ ಇಡಬೇಕು.

13ನೇ ಫಾರಂ ಹೇಗೂ ಬೇರೆ ಹಾಳೆ, ಅದನ್ನು ತಿಳಿ ಹಳದಿ ಕಾಗದದಲ್ಲಿ ಹೊಡೆಸಿದರೆ? 50 ಪ್ರತಿಗೆ ಮಾಡಿ ನೋಡಿದೆ. ಪ್ಲೇಟಿಗೆ ಹೆಚ್ಚು ಖರ್ಚಿಲ್ಲ. ಅಂಚಿನಲ್ಲಿ ಹಳದಿ ಗೆರೆ ಕಾಣುತ್ತದೆ, ಕಪಾಟಿನಲ್ಲಿ ಕೈಗೆತ್ತಿಕೊಳ್ಳುವವರು ಹೆಚ್ಚಾದರು ಅನ್ನಿಸಿತು. ಆದರೆ ಸಣ್ಣ ಪ್ರಮಾಣದಲ್ಲಿ ಹಳದಿ ಕಾಗದ ದುಬಾರಿ, ಬಿಟ್ಟೆ.

ಸೀಲು ಹಾಕಿ ಏನು ಪ್ರಯೋಜನ, ಮುನ್ನುಡಿಯಲ್ಲೇ ಕಥೆ ಹೇಳಿದರೆ? ನಮ್ಮಲ್ಲಿ ಮುನ್ನುಡಿ ಬರೆಯುವವರು ಪ್ರೀತಿಯಿಂದ ಪೂರ್ತಿ ಕಥಾಸಾರ ಬರೆಯುತ್ತಾರೆ, ಬೆನ್ನುಡಿಯಲ್ಲಿ ಉಳಿದದ್ದನ್ನು ತುಂಬುತ್ತಾರೆ. ಎರಡನ್ನೂ ತೆಗೆದೆ. ಬೆನ್ನುಡಿಯ ಜಾಗದಲ್ಲಿ ಎರಡನೇ ಅಧ್ಯಾಯದ ಒಂದು ಪ್ಯಾರಾ. ಬಿಡುಗಡೆ ಸಮಾರಂಭದ ಕೃತಿ ಪರಿಚಯ ಇನ್ನೂ ಅಪಾಯ, ಭಾಷಣ ಇಪ್ಪತ್ತು ನಿಮಿಷ ದಾಟಿತೆಂದರೆ ಕೊಲೆಗಾರ ಸಿಕ್ಕಿಬಿದ್ದನೆಂದೇ ಲೆಕ್ಕ. ವೇದಿಕೆ ಮೇಲಿನವರಿಗೂ ಸೀಲು ಇರುವ ಪ್ರತಿಯನ್ನೇ ಕೊಟ್ಟು, ಒಡೆಯದೆ ಬಂದು ಮಾತಾಡಿ ಅಂತ ಕೇಳಿಕೊಂಡೆ. ಒಬ್ಬರು ಒಡೆದಿದ್ದರು, ಪುಣ್ಯಕ್ಕೆ ಮೈಕಿನಲ್ಲಿ ಅದನ್ನಷ್ಟೇ ಒಪ್ಪಿಕೊಂಡರು. ಭಾನುವಾರ ಬೆಳಿಗ್ಗೆ ಹತ್ತೂವರೆ, ಬಸವನಗುಡಿ ಕಡೆಯ ಸಣ್ಣ ಸಭಾಂಗಣ, ತಿಂಡಿ ಕಾಫಿ ಸೇರಿ ನಾಲ್ಕೂವರೆ ಸಾವಿರ. ಅಲ್ಲೇ 70 ಪ್ರತಿ ಹೋಯಿತು. ಪ್ರಕಾಶಕರು ಪ್ರತಿ ಸಲ್ಲಿಸಬೇಕೆನ್ನುವ 1954ರ ಕಾಯ್ದೆಯಂತೆ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿ ಗ್ರಂಥಾಲಯಗಳಿಗೆ ಕಳಿಸುವ ಪ್ರತಿಗಳಿಗೆ ಮಾತ್ರ ಪಟ್ಟಿ ಅಂಟಿಸಲಿಲ್ಲ.

ಪ್ರಚಾರಕ್ಕೆ ಮಾಡಿದ್ದರಲ್ಲಿ ನನಗೆ ಹೆಮ್ಮೆ ಇರುವುದು ಒಂದರ ಬಗ್ಗೆ. ಮೊದಲ ಫಾರಂ ಮಷಿನ್ ಮೇಲೆ ಇರುವಾಗಲೇ 1,000 ಹಾಳೆ ಹೆಚ್ಚು ಓಡಿಸಿದೆ. ಪ್ಲೇಟಿನ ಖರ್ಚು ಆಗಲೇ ಆಗಿರುತ್ತದೆ, ಎರಡು ರೀಮು ಕಾಗದ, ಮಡಿಕೆ, ಪಿನ್ನು, ಅಷ್ಟೇ. ಒಂದೊಂದು ಮೂರು ರೂಪಾಯಿಗೆ ಹದಿನಾರು ಪುಟದ ಸ್ಯಾಂಪಲ್ ಪುಸ್ತಿಕೆ. ಆದರೆ ಮೊದಲ ಫಾರಂನಲ್ಲಿ ಅರ್ಪಣೆ, ಅರಿಕೆ, ಪರಿವಿಡಿ ಅಂತ ಎಂಟು ಪುಟ ನುಂಗಿದರೆ ಕಥೆಗೆ ಜಾಗವೇ ಇಲ್ಲ. ಎಲ್ಲವನ್ನೂ ನಾಲ್ಕು ಪುಟಕ್ಕೆ ಕುಗ್ಗಿಸಿ ಹನ್ನೆರಡು ಪುಟ ಕಥೆಗೆ ಬಿಟ್ಟೆ, ಕೊನೆಯ ಪುಟದಲ್ಲಿ ಕ್ಯೂಆರ್. ಗಾಂಧಿ ಬಜಾರ್, ಚಾಮರಾಜಪೇಟೆಯ ಕೆಲವು ದರ್ಶಿನಿಗಳ ಕ್ಯಾಶ್ ಕೌಂಟರ್ ಪಕ್ಕ ಇಟ್ಟದ್ದು ಚೆನ್ನಾಗಿ ಕೆಲಸ ಮಾಡಿತು, ಸುಮಾರು 60 ಆರ್ಡರ್. ಕಡಲೆಕಾಯಿ ಪರಿಷೆಯಲ್ಲಿ ಹಂಚಿದ 200 ಶುದ್ಧ ನಷ್ಟ. ಸಂಜೆ ಹೊತ್ತಿಗೆ ನನ್ನ ಮೊದಲ ಅಧ್ಯಾಯದಲ್ಲಿ ಹುರಿಗಡಲೆ ಕಟ್ಟಿಕೊಡುತ್ತಿದ್ದರು.

ಫೇಸ್‌ಬುಕ್ ಜಾಹೀರಾತಿಗೆ 1,500 ಹಾಕಿ ಮೂರು ಪ್ರತಿ ಮಾರಿದೆ. ಕಾಸು ಖರ್ಚಿಲ್ಲದೆ ಓಡಿದ್ದು ಪಟ್ಟಿ ಹರಿಯುವ ಆ 'ಟರ್' ಸದ್ದಿನ ಇಪ್ಪತ್ತು ಸೆಕೆಂಡಿನ ರೀಲು. ಮಾತಿಲ್ಲ, ಸಂಗೀತವಿಲ್ಲ. ಕೊಂಡವರು ತಮ್ಮದೂ ಮಾಡಿ ಹಾಕತೊಡಗಿದರು.

ಸೀಲು ಹಾಕಿದರೆ ಓದುಗ 192ರಲ್ಲಿ ನಿಂತು ಹಿಂದೆ ತಿರುಗಿ ತಪಾಸಣೆ ಶುರು ಮಾಡುತ್ತಾನೆ, ಅದಕ್ಕೆ ತಯಾರಿರಬೇಕು. ನನ್ನ ಕೊಲೆ ನಡೆಯುವುದು 2024ರ ಅಕ್ಟೋಬರ್ 2ರ ರಾತ್ರಿ. ಕರಡಿನಲ್ಲಿ ಸಾಕ್ಷಿದಾರ ಮೆಜೆಸ್ಟಿಕ್ಕಿನ ಬಾರಿನಿಂದ ಎದ್ದು ಹೋಗಿ, ಸ್ಯಾಂಕಿ ಕೆರೆ ಏರಿಯ ಮೇಲೆ ಬೆಳದಿಂಗಳಲ್ಲಿ ಮುಖ ಗುರುತಿಸುತ್ತಾನೆ. ಗಾಂಧಿ ಜಯಂತಿಗೆ ಬಾರು ಮುಚ್ಚಿರುತ್ತದೆ, ಮೇಲಾಗಿ ಅವತ್ತು ಮಹಾಲಯ ಅಮಾವಾಸ್ಯೆ. ಒಂದೇ ಪುಟದಲ್ಲಿ ಎರಡು ತಪ್ಪು. ಅಂದಿನಿಂದ ಮೇಜಿನ ಮೇಲೆ ಆ ವರ್ಷದ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡೇ ಬರೆದೆ. 2024ರ ಜುಲೈ 1ರ ನಂತರದ ಕೊಲೆಗೆ ಹಳೇ ಐಪಿಸಿಯ ಸೆಕ್ಷನ್ 302 ಬರೆಯುವಂತಿಲ್ಲ, ಅದು ಈಗ ಹೊಸ ದಂಡಸಂಹಿತೆ ಬಿಎನ್‌ಎಸ್ 103. ಯುಡಿಆರ್ (ಅಸಹಜ ಸಾವಿನ ವರದಿ) ಕೂಡ ಹಳೇ ಸಿಆರ್‌ಪಿಸಿಯ 174 ಅಲ್ಲ, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 194. ಅಂಗಡಿ ಸಿಸಿಟಿವಿ ಸಾಮಾನ್ಯವಾಗಿ 15ರಿಂದ 30 ದಿನಕ್ಕೆ ತಾನೇ ಅಳಿಸಿಕೊಳ್ಳುತ್ತದೆ, ನನ್ನ ಪೊಲೀಸರು ನವೆಂಬರ್ 5ಕ್ಕೆ ಹೋಗಿ ಕೇಳುತ್ತಿದ್ದರು. ಆ ತಪ್ಪನ್ನು ತಿದ್ದದೆ ಕಥೆಯ ತಿರುವಾಗಿಯೇ ಇಟ್ಟುಕೊಂಡೆ.

ದುಡ್ಡು, ನೆನಪಿದ್ದಷ್ಟು. 500 ಪ್ರತಿ ಆಫ್‌ಸೆಟ್, ಒಂದಕ್ಕೆ 82ರಂತೆ 41,000. ಡಿಟಿಪಿ 5,000, ಕರಡು ತಿದ್ದಿದವರಿಗೆ 4,000, ಮುಖಪುಟಕ್ಕೆ 5,000, ಪಟ್ಟಿ ಟೇಪಿಗೆ 1,000, ಸ್ಯಾಂಪಲ್ಲಿಗೆ 3,000, ಸಮಾರಂಭ, ಜಾಹೀರಾತು 6,000, ಅಂಚೆ ಕವರು 4,000. ಒಟ್ಟು 69,000. ಬೆಲೆ 250. ನೇರವಾಗಿ 210 ಪ್ರತಿ, ಅಂಗಡಿಗಳಿಗೆ 40 ಪರ್ಸೆಂಟ್ ಬಿಟ್ಟು 190 ಪ್ರತಿ, ಸೇರಿ 81,000. ವಾಪಸಾತಿ ನಾಲ್ಕಕ್ಕೆ 1,000. ಗೌರವ ಪ್ರತಿ 45. ಪ್ರಯೋಗದ 100 ಪ್ರತಿಯ 12,500 ಇದರಲ್ಲಿ ಸೇರಿಸಿದರೆ ಸಾವಿರ ಚಿಲ್ಲರೆ ನಷ್ಟವೇ. ಅಂಗಡಿಗಳಿಂದ ಇನ್ನೂ ಎಂಟು ಸಾವಿರ ಬರಬೇಕು, ಬರುತ್ತದೆ ಅಂತಲೇ ಮೇಲೆ ಬರೆದಿದ್ದೇನೆ.

ಉಳಿದ 55 ಪ್ರತಿಗೆ ಕೈ ಹಾಕಿಲ್ಲ. ಎರಡನೇ ಮುದ್ರಣ 300 ಅಂತ ಮಾತಾಗಿದೆ. ಪುಟ ಕಟ್ಟುವ ಕೆಲಸ, ಪ್ರಯೋಗ ಎರಡೂ ಮುಗಿದಿರುವುದರಿಂದ ಈ ಸಲ ಖರ್ಚು ಕಾಗದ, ಮುದ್ರಣ, ಅಂಚೆಯದ್ದಷ್ಟೇ. 600 ಪಟ್ಟಿ ಹೊಲಿಗೆ ಓಡಿಸಿ ಡಬ್ಬದಲ್ಲಿಟ್ಟಿದ್ದೇನೆ, ಜೊತೆಗೆ ನಾಲ್ಕು ನುಸಿಗುಳಿಗೆ.