ಒಂದು ಟ್ರಂಕು, ನಾಲ್ಕು ಲೈಟು, ನೂರು ಕುರ್ಚಿ

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಸೇರಿಸಿ ಆರು ಶೋ ಮಾಡಿದೆವು. ನನ್ನದೇ ಕನ್ನಡ ಪಾಪ್ ಹಾಡುಗಳು, ಆದರೆ ಆರ್ಕೆಸ್ಟ್ರಾ ತರ ಅಲ್ಲ, ನಾಟಕದ ತರ. ನಾನು, ಒಬ್ಬ ಗಿಟಾರಿಸ್ಟ್, ಕಹೋನ್ (ಮೇಲೆ ಕೂತು ಕೈಯಲ್ಲಿ ತಟ್ಟುವ ಮರದ ಪೆಟ್ಟಿಗೆ) ಬಾರಿಸುವ ಹುಡುಗ, ಲೈಟಿನ ಅಣ್ಣ. ನೂರು ಕುರ್ಚಿ ಹಿಡಿಸುವ ಹಾಲೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ದುಡ್ಡಿರಲಿಲ್ಲ, ಅಷ್ಟೇ.

ಆದರೆ ಆಸೆ ಮೊದಲಿಂದಲೂ ಇತ್ತು. ಮೈಸೂರಿನ ರಂಗಾಯಣದ ಬಹುರೂಪಿ ನಾಟಕೋತ್ಸವ ನೋಡಿಕೊಂಡು ಬೆಳೆದವಳು ನಾನು. ನಾಟಕದಲ್ಲಿ ಹಾಡು ಬಂದರೆ ಅದು ಕಥೆಯನ್ನು ನಿಲ್ಲಿಸಬೇಕಿಲ್ಲ, ಕಥೆಯೇ ಹಾಡಾಗಬಹುದು ಅನ್ನೋದು ಅಲ್ಲಿ ಕಿವಿಗೆ ಬಿದ್ದ ಪಾಠ. ಆಮೇಲೆ 2019ರಲ್ಲಿ ಮಡೋನಾ ತನ್ನ 'ಮೇಡಂ ಎಕ್ಸ್' ಟೂರನ್ನು ಸ್ಟೇಡಿಯಂ ಬಿಟ್ಟು ಥಿಯೇಟರುಗಳಲ್ಲಿ ಮಾಡಿದಳು, ಬಂದವರ ಫೋನನ್ನೆಲ್ಲ ಚೀಲಕ್ಕೆ ಹಾಕಿ ಬೀಗ ಹಾಕಿಸಿದಳು. ಅದನ್ನ ಓದಿದ ದಿನವೇ ಕದ್ದುಬಿಟ್ಟೆ. ನಮ್ಮಲ್ಲಿ ಬೀಗ ಎಲ್ಲಿ? ಹೊಲಿಸಿದ ಬಟ್ಟೆ ಚೀಲ, ದಾರದ ಗಂಟು, ಜೊತೆಗೊಂದು ಟೋಕನ್. ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಹಾಗೆ. ಜನ ಸ್ವಲ್ಪ ಗೊಣಗಿದರು, ಕೊಟ್ಟರು.

ರಂಗಸಜ್ಜಿಕೆ ಅಂದರೆ ಅಜ್ಜಿಯ ತಗಡಿನ ಟ್ರಂಕು. ಎಲ್ಲ ಹಾಡಿಗೂ ಬೇಕಾದ ಸಾಮಾನು ಅದರೊಳಗಿಂದಲೇ ಬರಬೇಕು ಅಂತ ನಿಯಮ ಹಾಕಿಕೊಂಡೆ. ಓಮ್ನಿಯಲ್ಲಿ ಬೇರೇನೂ ಹಿಡಿಸುತ್ತಿರಲಿಲ್ಲ ಅನ್ನೋದೂ ನಿಜ.

ಮೊದಲ ಶೋ ಹಾಳಾಗಿದ್ದು ಬಟ್ಟೆಯಿಂದ. ಮೂರು ಸಲ ಬಟ್ಟೆ ಬದಲಾಯಿಸೋದು ಅಂತ ಇಟ್ಟುಕೊಂಡಿದ್ದೆ, ಪ್ರತಿ ಸಲ ಲೈಟೆಲ್ಲ ಆರಿಸಿ ಬ್ಲ್ಯಾಕ್‌ಔಟ್, ನಾನು ಸ್ಟೇಜಿನ ಪಕ್ಕದ ವಿಂಗಿನೊಳಗೆ ಓಡೋದು. ದೊಡ್ಡ ಹಾಲಿನಲ್ಲಾದರೆ ನಡೆಯುತ್ತಿತ್ತೇನೋ. ಇಲ್ಲಿ ನಾನು ಜಿಪ್ ಎಳೆದಿದ್ದು, ಪಿನ್ನು ಬಿದ್ದಿದ್ದು, ನಾನು ಪಿನ್ನಿಗೆ ಬೈದಿದ್ದು, ಎಲ್ಲಾ ಮೊದಲ ಸಾಲಿಗೆ ಕೇಳಿಸಿ ಜನ ನಕ್ಕರು. ಎರಡನೇ ಶೋಗೆ ಬ್ಲ್ಯಾಕ್‌ಔಟ್ ತೆಗೆದುಹಾಕಿದೆ. ಟ್ರಂಕಿನಿಂದ ಸೀರೆ ತೆಗೆದು, ಹಾಕಿದ್ದ ಪ್ಯಾಂಟಿನ ಮೇಲೇ, ಹಾಡುತ್ತಾ ಉಟ್ಟೆ. ಒಂದು ನೆರಿಗೆಗೆ ಒಂದು ತಾಳ. ಏಳನೇ ನೆರಿಗೆಗೆ ಪಲ್ಲವಿ ಮತ್ತೆ ಶುರು. ಕಹೋನಿನ ಹುಡುಗ ನನ್ನ ಬೆರಳು ನೋಡಿಕೊಂಡೇ ಬಾರಿಸುತ್ತಿದ್ದ. ಮನೆಯಲ್ಲಿ ಹತ್ತು ದಿನ ಅದೊಂದನ್ನೇ ಪ್ರಾಕ್ಟೀಸ್ ಮಾಡಿದೆವು, ಅಮ್ಮನಿಗೆ ತಲೆ ಕೆಟ್ಟುಹೋಗಿತ್ತು.

ಸೌಂಡಿನ ವಿಷಯ. ಚಿಕ್ಕ ಹಾಲಿಗೆ ಡ್ರಮ್ ಸೆಟ್ ತರಲೇಬೇಡಿ. ಮೈಕ್ ಇಲ್ಲದೇನೇ ಅದು ದನಿಯನ್ನು ನುಂಗುತ್ತೆ, ದನಿ ಏರಿಸಿದರೆ ಮೈಕು ಕುಯ್ ಅನ್ನುತ್ತೆ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದಿರಲಿ. ಖಾಲಿ ಹಾಲಿನಲ್ಲಿ ಚೆಕ್ ಮಾಡಿ ಹೆದರಬೇಡಿ, ಜನ ತುಂಬಿದ ಮೇಲೆ ಗುಂಯ್‌ಗುಡೋದು ಕಡಿಮೆಯಾಗುತ್ತೆ. ಆದರೂ ನಾವು ಶಾಮಿಯಾನದವರಿಂದ ಎರಡು ಜಮಖಾನ ಬಾಡಿಗೆಗೆ ತಂದು ಹಿಂದಿನ ಗೋಡೆಗೆ ನೇತುಹಾಕಿದೆವು. ಇಡೀ ಟೂರಿನಲ್ಲಿ ಅದಕ್ಕಿಂತ ಒಳ್ಳೆ ಖರ್ಚು ಇನ್ನೊಂದಿಲ್ಲ.

ಲೈಟು ನಾಲ್ಕೇ, ಎಲ್‌ಇಡಿ ಪಾರ್, ಅಂದರೆ ಕಲರ್ ಬದಲಾಯಿಸಬಹುದಾದ ಸ್ಟೇಜ್ ಲೈಟು. ನನಗೆ ಕಲರ್ ಬದಲಾಗುತ್ತಾ ಇರಬೇಕು ಅಂತ ಹುಚ್ಚು. ಲೈಟಿನ ಅಣ್ಣ ನಾಟಕದವರು, ಒಪ್ಪಲೇ ಇಲ್ಲ. "ಹಾಡೋವಾಗ ಲೈಟು ಆಡಿಸಿದ್ರೆ ಜನ ಲೈಟನ್ನೇ ನೋಡ್ತಾರೆ ಕಣಮ್ಮ, ನಿನ್ನನ್ನ ಯಾರು ಕೇಳ್ತಾರೆ?" ಅಂದರು. ಜಗಳ ಆಡಿದೆ, ಸೋತೆ. ಅವರು ಮಾಡಿದ್ದಿಷ್ಟೇ: ಟ್ರಂಕಿನೊಳಗೆ ಒಂದು ಚಾರ್ಜಿಂಗ್ ಲ್ಯಾಂಪ್ ಇಟ್ಟು, ಅದರ ಮೇಲೆ ಹಳದಿ ಜೆಲ್ ಪೇಪರ್ (ಲೈಟಿಗೆ ಬಣ್ಣ ಕೊಡುವ ಪಾರದರ್ಶಕ ಹಾಳೆ) ಅಂಟಿಸಿದರು. ಮುಚ್ಚಳ ತೆಗೆದರೆ ಬೆಳಕು ಕೆಳಗಿಂದ ಮುಖಕ್ಕೆ ಬರುತ್ತೆ.

ಮಂಡ್ಯದ ಶೋನಲ್ಲಿ, ಕೊನೆ ಹಾಡಿಗೆ ಮುಂಚೆ, ಕರೆಂಟ್ ಹೋಯಿತು. ಜನರೇಟರ್ ಇದೆ ಅಂದಿದ್ದರು, ಡೀಸೆಲ್ ಇರಲಿಲ್ಲ. ಟಾರ್ಚ್ ಹಾಕೋಣ ಅಂದರೆ ಎಲ್ಲರ ಫೋನೂ ಚೀಲದಲ್ಲಿ ಗಂಟು ಬಿದ್ದು ಬಾಗಿಲ ಹತ್ತಿರ ಕೂತಿದೆ! ನಾನು ಕತ್ತಲಲ್ಲಿ ನಿಂತು ಕ್ಷಮೆ ಕೇಳಲು ಶುರು ಮಾಡಿದೆ. ಮುಂದಿನ ಸಾಲಿನಿಂದ ಒಬ್ಬರು ಹಿರಿಯರು, "ಓದ್ರೆ ಓಯ್ತು ಬುಡವ್ವ, ಆಡು ನೀನು" ಅಂದರು. ಟ್ರಂಕು ತೆಗೆದೆ. ಅದೊಂದೇ ಬೆಳಕು. ಮೈಕಿಲ್ಲ, ಗಿಟಾರಿಗೆ ಆಂಪ್ ಇಲ್ಲ. ಕಹೋನಿನ ಹುಡುಗ ಅಂಗೈ ಬಿಟ್ಟು ಬೆರಳ ತುದಿಯಲ್ಲಿ ತಟ್ಟಿದ. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹಿಂದಿನಿಂದ ಯಾರೋ "ವನ್ಸ್ ಮೋರ್" ಅಂದರು, ಕಂಪನಿ ನಾಟಕದ ಕಾಲದ ತರ.

ಉಳಿದ ಎರಡು ಶೋಗಳಲ್ಲಿ ಆ ಹಾಡಿಗೆ ಬೇಕಂತಲೇ ಎಲ್ಲ ಆಫ್ ಮಾಡಿಸಿದೆ. ಕೊನೆಯ ಶೋನಲ್ಲಿ ಪಾಪ ವಾಚ್‌ಮನ್‌ಗೆ ಹೇಳಲು ಮರೆತಿದ್ದೆವು. ಎರಡನೇ ಚರಣಕ್ಕೆ ಅವರು ಓಡಿ ಬಂದು ಟ್ಯೂಬ್‌ಲೈಟ್ ಎಲ್ಲಾ ಹಾಕಿ, "ಬಂತು ಮೇಡಂ, ಬಂತು!" ಅಂದರು.